ಇಪ್ಪತ್ತನೇ ಈಡು

ಅಮೆರಿಕಕ್ಕೆ ಬಂದು ಒಂದೆರಡು ಸಲ ಶೂಟಿಂಗ್ ರೇಂಜಿಗೆ ಹೋಗಿ ಬಂದ ನಮ್ಮ ಹುಡುಗರು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಸಣ್ಣದೆಲ್ಲ ಹೊಡೆದು ನೋಡಿ ಆಯ್ತು. ಇನ್ನು ಏನಾದ್ರೂ ದೊಡ್ಡದು ಬೇಕು. ಯಾವುದು ತಗೊಳ್ಳಲಿ?" ನನ್ನನ್ನೇ ಯಾಕೆ ಕೇಳ್ತಾರೆ ಅಂದ್ರೆ, ನಾನು ಕೊಪ್ಪದ ಕಡೆಯವನು. ಮಲೆನಾಡಿನ ಮಕ್ಕಳು ಕೋವಿ ಹಿಡಿದೇ ಹುಟ್ಟುತ್ತವೆ ಅನ್ನೋದು ಬೆಂಗಳೂರಿನವರ ನಂಬಿಕೆ. ನಿಜ ಏನಂದ್ರೆ, ನಮ್ಮ ಮನೆಯ ಒಂಟಿ ನಳಿಗೆ ಕೋವಿ ತೋಟದಿಂದ ಹಂದಿ ಓಡಿಸಿದ್ದಕ್ಕಿಂತ, ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಯಲ್ಲಿ ಠೇವಣಿ ಕೂತದ್ದೇ ಜಾಸ್ತಿ.

ಆದರೂ ಹತ್ತು ವರ್ಷಗಳಿಂದ ಡಲ್ಲಾಸ್ ಸುತ್ತಮುತ್ತಲಿನ ರೇಂಜುಗಳಲ್ಲಿ ಎಷ್ಟೋ ಶನಿವಾರ ಕಳೆದಿದ್ದೇನೆ. ನನ್ನದನ್ನೂ ಬೇರೆಯವರದನ್ನೂ ಹೊಡೆದಿದ್ದೇನೆ. ಹಾಗಾಗಿ ನನಗೊಂದು ಅಭಿಪ್ರಾಯ ಇದೆ. ಅದಕ್ಕಿಂತ ಮುಖ್ಯವಾಗಿ, ಈ ವಿಷಯದಲ್ಲಿ ಸಿಗುವ ಸಲಹೆಗಳ ಮೇಲೆ ಒಂದು ತಕರಾರು ಇದೆ.

ತಕರಾರು ಇದು. ದೊಡ್ಡ ಕೋವಿಗಳನ್ನು ಎಲ್ಲರೂ ಅಳೆಯುವುದು ಪ್ರಾಣಿಯ ಲೆಕ್ಕದಲ್ಲಿ. ಇದು ಕಾಡೆಮ್ಮೆಗೆ ಸಾಕು, ಇದು ಆನೆಗೂ ಆಗುತ್ತೆ, ಇದು ಮೈಮೇಲೆ ಬರುವ ಕರಡಿಯನ್ನು ಅಲ್ಲೇ ಕೆಡವುತ್ತೆ. ಸರಿ, ಆದರೆ ರೇಂಜಿನಲ್ಲಿ ಮೈಮೇಲೆ ಬರುವುದು ಯಾವುದು? ನೂರು ಗಜ ದೂರದಲ್ಲಿ ಒಂದು ಹಾಳೆ ಕ್ಲಿಪ್ಪಿಗೆ ಸಿಕ್ಕಿಸಿಕೊಂಡು ನಿಂತಿರುತ್ತೆ. ಅದು ಎಲ್ಲಿಗೂ ಓಡಲ್ಲ, ಯಾರನ್ನೂ ಹಾಯಲ್ಲ. ಅಡುಗೆಮನೆಗೆ ಮಿಕ್ಸಿ ಕೊಳ್ಳುವವನಿಗೆ ಕಲ್ಲು ಪುಡಿ ಮಾಡುವ ಕ್ರಷರಿನ ಹಾರ್ಸ್‌ಪವರ್ ಹೇಳಿದ ಹಾಗಾಯ್ತು.

ನನ್ನ ಅಳತೆಗೋಲು ಬೇರೆ. ರೈಫಲ್ ತೋಟೆಗಳ ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ ಇಪ್ಪತ್ತು ಇರುತ್ತವೆ. ನಮ್ಮ ಕಡೆ ಒಂದು ಸಲ ಕೋವಿ ಹೊಡೆಯುವುದಕ್ಕೆ ಒಂದು ಈಡು ಅಂತಾರೆ. ಮೊದಲನೇ ಈಡು ಯಾವ ಕೋವಿಯಲ್ಲಾದರೂ ಮಜಾನೇ. ಫೋನಿನಲ್ಲಿ ವಿಡಿಯೋ ಆಗುತ್ತೆ, ನಗು, ಚಪ್ಪಾಳೆ. ನಾನು ಕೇಳೋದು ಇಪ್ಪತ್ತನೇ ಈಡಿನ ಬಗ್ಗೆ. ಅಷ್ಟು ಹೊತ್ತಿಗೆ ಕಣ್ಣು ಮುಚ್ಚದೆ ಟ್ರಿಗರ್ ಎಳೀತಿದ್ದೀರಾ? ಇಪ್ಪತ್ತೊಂದನೆಯದು ಬೇಕು ಅನ್ನಿಸ್ತಿದೆಯಾ? ಈ ಎರಡು ಪ್ರಶ್ನೆಗೆ ಹೌದು ಅನ್ನುವ ದೊಡ್ಡ ಕೋವಿಗಳು ಬಹಳ ಕಡಿಮೆ.

ಮೊದಲು 'ದೊಡ್ಡದು' ಅಂದ್ರೆ ಏನು ಅಂತ ನೋಡೋಣ, ಯಾಕಂದ್ರೆ 'ಬಿಗ್ ಬೋರ್' ಅನ್ನೋ ಮಾತು ಊರಿಗೊಂದು ಅರ್ಥ ಕೊಡುತ್ತೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ 300 ಮೀಟರ್ ರೈಫಲ್ಲನ್ನು ಬಿಗ್ ಬೋರ್ ಅಂತಾರೆ, ಅಲ್ಲಿ ನಳಿಗೆಯ ವ್ಯಾಸ ಎಂಟು ಮಿಲಿಮೀಟರ್ ದಾಟುವ ಹಾಗಿಲ್ಲ. ಅಮೆರಿಕದ ಕೋವಿ ಅಂಗಡಿಯಲ್ಲಿ ಅಷ್ಟನ್ನು ಯಾರೂ ದೊಡ್ಡದು ಅನ್ನಲ್ಲ. ಇಲ್ಲಿ ಸುಮಾರಾಗಿ .375 ಇಂಚಿನಿಂದ, ಇನ್ನೂ ಕಟ್ಟುನಿಟ್ಟಿನವರಿಗೆ .40 ಇಂಚಿನಿಂದ ಮೇಲಿನದು ಮಾತ್ರ ದೊಡ್ಡದು. ನಾನು ಮಾತಾಡುತ್ತಿರುವುದು ಇವುಗಳ ಬಗ್ಗೆಯೇ.

ಇನ್ನು ಒದೆತದ ವಿಷಯ. ಗುಂಡು ಮುಂದೆ ಹೋದರೆ ಕೋವಿ ಹಿಂದೆ ಬರಲೇಬೇಕು. ಹೈಸ್ಕೂಲಿನಲ್ಲಿ ಓದಿದ ನ್ಯೂಟನ್, ಅದಕ್ಕಿಂತ ಹೆಚ್ಚೇನಿಲ್ಲ. ಈ ಒದೆತವನ್ನು ಅಡಿ-ಪೌಂಡುಗಳಲ್ಲಿ ಲೆಕ್ಕ ಹಾಕ್ತಾರೆ. ಎ.ಆರ್.-15 ಜಾತಿಯ ಸಣ್ಣ .223 ತೋಟೆಯದು ಮೂರು-ನಾಲ್ಕು. ಜಿಂಕೆ ಬೇಟೆಗೆ ಹೆಸರಾದ .30-06 ಎಂಟು ಪೌಂಡಿನ ಕೋವಿಯಲ್ಲಿ 20ರ ಆಸುಪಾಸು. ತುಂಬ ಜನಕ್ಕೆ ಅಲ್ಲಿಗೇ ಸಾಕು ಅನ್ನಿಸುತ್ತೆ. .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಅಂದ್ರೆ ಸುಮಾರು 40. .458 ವಿಂಚೆಸ್ಟರ್ ಮ್ಯಾಗ್ನಮ್ ಅಂದ್ರೆ 60. ಒಂದೇ ತೋಟೆಗೆ ಕೋವಿಯ ತೂಕ ಹೆಚ್ಚಿದಷ್ಟೂ ಒದೆತ ಇಳಿಯುತ್ತೆ. ಏಳು ಪೌಂಡಿನ ಕೋವಿಯಲ್ಲಿ 20 ಇದ್ದದ್ದು ಹತ್ತು ಪೌಂಡಿನದರಲ್ಲಿ 14. ಈ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಭುಜಕ್ಕೆ ನೋವಾಗೋದು ದೊಡ್ಡ ವಿಷಯ ಅಲ್ಲ, ಎರಡು ದಿನ ನೀಲಿಗಟ್ಟಿ ಹೋಗುತ್ತೆ. ದೊಡ್ಡ ವಿಷಯ ಏನಂದ್ರೆ, ಮೈ ಕಲೀತದೆ. ಈಗ ಏಟು ಬೀಳುತ್ತೆ ಅಂತ ಗೊತ್ತಾದ ತಕ್ಷಣ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತೆ, ಭುಜ ಮುಂದೆ ನೂಕುತ್ತೆ, ನಳಿಗೆ ಕೆಳಗೆ ಬಾಗುತ್ತೆ. ಅಮ್ಮ ಕೈ ಎತ್ತಿದರೆ ಸಾಕು ಮಗು ಮುಖ ಮುಚ್ಚಿಕೊಳ್ಳುತ್ತಲ್ಲ, ಹಾಗೆ. ಪತ್ತೆ ಹಚ್ಚಲು ಸುಲಭ ಉಪಾಯ ಇದೆ. ತೋಟೆ ತುಂಬುವ ಕೆಲಸ ಜೊತೆಗಿರುವವರಿಗೆ ಬಿಡಿ. ನಡುನಡುವೆ ಅವರು ನಿಮಗೆ ಹೇಳದೆ ಡಮ್ಮಿ ತೋಟೆ ಹಾಕಲಿ. ಟಕ್ ಅಂತ ಖಾಲಿ ಸದ್ದು ಬಂದಾಗ ನಳಿಗೆಯ ತುದಿ ಅಲ್ಲಾಡದೆ ನಿಂತಿದ್ದರೆ ನೀವು ಪಾಸು. ಎರಡಿಂಚು ಕೆಳಗೆ ಕುಸಿದರೆ, ನಿಮ್ಮ ಗುರಿ ಕೆಟ್ಟಿರೋದು ಯಾಕೆ ಅಂತ ಗೊತ್ತಾಯ್ತು. ಈ ಚಾಳಿ ಒಮ್ಮೆ ಹತ್ತಿದರೆ ಬಿಡಿಸೋಕೆ ತಿಂಗಳುಗಟ್ಟಲೆ ಬೇಕು. ಸಣ್ಣ .22 ಹಿಡಿದಾಗಲೂ ಅದು ಹಿಂದೇನೇ ಬರುತ್ತೆ.

ಈಗ ಒಂದೊಂದಾಗಿ ನೋಡೋಣ.

ಜೋಡಿ ನಳಿಗೆಯ ರೈಫಲ್, ಡಬಲ್ ರೈಫಲ್. ಇದು ಎಲ್ಲರ ಕನಸಿನ ರಾಜ. ಜಿಮ್ ಕಾರ್ಬೆಟ್ ಹತ್ತಿರ ಒಂದು ಇತ್ತು, ಜೆಫ್ರಿ ಕಂಪನಿಯ .450/400. ಇಂಥದ್ದನ್ನು ಮಾಡಿದ್ದೇ ಒಂದು ಕ್ಷಣಕ್ಕೋಸ್ಕರ: ಮೊದಲ ಈಡು ತಪ್ಪಿ ಪ್ರಾಣಿ ಹತ್ತು ಹೆಜ್ಜೆಯಲ್ಲಿದ್ದಾಗ ಎರಡನೆಯದು ಕಣ್ಣು ಮಿಟುಕಿಸುವಷ್ಟರಲ್ಲಿ ಬೇಕು. ಆ ಎರಡು ನಳಿಗೆಗಳ ಗುಂಡು ಒಂದೇ ಜಾಗಕ್ಕೆ ಬೀಳುವ ಹಾಗೆ ಕುಶಲಕರ್ಮಿ ಅವನ್ನು ಕೈಯಲ್ಲೇ ಹೊಂದಿಸಿ ಬೆಸೆದಿರ್ತಾನೆ. ಅದೂ ಒಂದು ನಿರ್ದಿಷ್ಟ ತೋಟೆಗೆ, ಒಂದು ನಿರ್ದಿಷ್ಟ ದೂರಕ್ಕೆ, ಹೆಚ್ಚಾಗಿ ನೂರು ಗಜಕ್ಕಿಂತ ಕಡಿಮೆಗೆ. ತೋಟೆ ಬದಲಾಯಿಸಿದರೆ ಎಡದ್ದು ಒಂದು ಕಡೆ, ಬಲದ್ದು ಒಂದು ಕಡೆ. ಅಂದ್ರೆ ಇದರ ಇಡೀ ಪ್ರತಿಭೆ ಇರೋದು ರೇಂಜಿನಲ್ಲಿ ಎಂದೂ ಬಾರದ ಒಂದು ಸಂದರ್ಭಕ್ಕೆ. ಹೊಸದರ ಬೆಲೆ ಹತ್ತಾರು ಸಾವಿರ ಡಾಲರು. .470 ನೈಟ್ರೋ ಎಕ್ಸ್‌ಪ್ರೆಸ್‌ನ ಒಂದೊಂದು ತೋಟೆಯೂ ಹತ್ತು ಡಾಲರ್ ದಾಟುತ್ತೆ. ಒಮ್ಮೆ ಒಬ್ಬ ಹಿರಿಯರು ತಮ್ಮದನ್ನು ಕೊಟ್ಟು ಎರಡು ಈಡು ಹೊಡೆಸಿದರು. ಕೆಲಸಗಾರಿಕೆ ನೋಡಿ ಕಣ್ಣು ತುಂಬಿತು. ಹೊಡೆದ ಮೇಲೆ ಬೇರೆ ಕಾರಣಕ್ಕೆ ತುಂಬಿತು. ಗೋಡೆಗೆ ಅತಿ ಚಂದ. ಇಪ್ಪತ್ತನೇ ಈಡಿಗೆ ಅಲ್ಲ.

ಬೋಲ್ಟ್ ಆ್ಯಕ್ಷನ್ ಮ್ಯಾಗ್ನಮ್‌ಗಳು. ಬಾಗಿಲ ಚಿಲಕ ಎತ್ತಿ ಎಳೆದ ಹಾಗೆ ಬೋಲ್ಟು ಎಳೆದು ತೋಟೆ ತುಂಬುವ ಕೋವಿ. ಯಂತ್ರವಾಗಿ ಇದರಷ್ಟು ಗಟ್ಟಿಮುಟ್ಟಾದದ್ದು, ನಂಬಿಕಸ್ತವಾದದ್ದು ಇಲ್ಲ. 1912ರಲ್ಲಿ ಬಂದ .375 ಇವತ್ತಿಗೂ ಆಫ್ರಿಕಾದಲ್ಲಿ ಕೆಲಸ ಮಾಡ್ತಿದೆ ಅಂದ್ರೆ ಸುಮ್ಮನೆ ಅಲ್ಲ. ಒಂದೇ ಒಂದು ಮ್ಯಾಗ್ನಮ್ ತಗೊಳ್ಳಲೇಬೇಕು ಅಂತ ಹಟ ಹಿಡಿದವರಿಗೆ ನಾನು ಹೇಳೋದೂ ಇದನ್ನೇ. ನೂರು ಗಜಕ್ಕೂ ಮುನ್ನೂರು ಗಜಕ್ಕೂ ಸಲೀಸಾಗಿ ಹೋಗುತ್ತೆ, ಕೂದಲೆಳೆಯಷ್ಟು ನಿಖರ. ಆದರೆ ಬೆಂಚಿನ ಮೇಲೆ ಕೂತು ಹೊಡೆಯುವಾಗ ಭುಜ ಹಿಂದಕ್ಕೆ ಜಾಗ ಬಿಡಲ್ಲ. ನಿಂತು ಹೊಡೆದರೆ ಇಡೀ ಮೈ ತೂಗಿ ಒದೆತವನ್ನು ನುಂಗುತ್ತೆ, ಕೂತರೆ ಎಲ್ಲವೂ ಕೊರಳೆಲುಬಿಗೇ. ನಮ್ಮ ರೇಂಜುಗಳಲ್ಲಿ ಕೂರೋದೇ ರೂಢಿ. 1956ರ .458 ಬಗ್ಗೆ ಒಂದೇ ಮಾತು: ಸೆಕೆಂಡ್ ಹ್ಯಾಂಡ್ ಕೌಂಟರಿನಲ್ಲಿ ಇಂಥ ಕೋವಿ ಮಾರಾಟಕ್ಕೆ ಬಂದಾಗ ಅದರ ಜೊತೆಗೆ ಬರುವ ತೋಟೆ ಡಬ್ಬಿಯನ್ನು ತೆಗೆದು ನೋಡಿ. ನಾನು ನೋಡಿದ್ದೇನೆ. ಇಪ್ಪತ್ತರಲ್ಲಿ ಹದಿನೇಳು ಹಾಗೇ ಇದ್ದವು. ಇದಕ್ಕಿಂತ ಪ್ರಾಮಾಣಿಕವಾದ ವಿಮರ್ಶೆಯನ್ನು ನಾನು ಬರೆಯಲಾರೆ.

.50 ಬಿ.ಎಂ.ಜಿ. ಮೊದಲ ಮಹಾಯುದ್ಧದ ಕೊನೆಯಲ್ಲಿ ಜಾನ್ ಬ್ರೌನಿಂಗ್ ಮೆಷಿನ್ ಗನ್ನಿಗಾಗಿ ರೂಪಿಸಿದ ತೋಟೆ. 1980ರ ದಶಕದಲ್ಲಿ ಟೆನೆಸ್ಸಿಯ ರಾನಿ ಬ್ಯಾರೆಟ್ ಅದಕ್ಕೊಂದು ಭುಜದ ರೈಫಲ್ ಮಾಡಿದರು. ತೂಕ ಸುಮಾರು ಹದಿನಾಲ್ಕು ಕಿಲೋ, ಹೆಚ್ಚುಕಮ್ಮಿ ಅರ್ಧ ಅಕ್ಕಿ ಮೂಟೆ. ಆ ತೂಕ, ಜೊತೆಗೆ ನಳಿಗೆಯ ತುದಿಯ ಬ್ರೇಕು, ಇವೆರಡರಿಂದ ಒದೆತ ನೀವು ಅಂದುಕೊಂಡಷ್ಟು ಇರಲ್ಲ. ಬ್ರೇಕಿನ ಕೆಲಸ ಬಿಸಿ ಗಾಳಿಯನ್ನು ಪಕ್ಕಕ್ಕೆ ತಿರುಗಿಸೋದು. ನಿಮ್ಮ ಭುಜ ಉಳೀತು, ಪಕ್ಕದ ಬೆಂಚಿನವನ ಟೋಪಿ ಹಾರಿತು. ಅನೇಕ ರೇಂಜುಗಳು ಇದನ್ನು ಗೇಟಿನಲ್ಲೇ ವಾಪಸ್ ಕಳಿಸ್ತವೆ. ಕ್ಯಾಲಿಫೋರ್ನಿಯಾದಲ್ಲಿ 2005ರಿಂದ ಮಾರಾಟಕ್ಕೇ ನಿಷೇಧ. ಮೈಲಿಗಟ್ಟಲೆ ಬಯಲಿದ್ದವರ ಆಟ ಇದು. ನೂರು ಗಜದ ಹಾಳೆಗೆ ಇದನ್ನು ಹೊಡೆಯುವುದು ಎಲ್ಲರ ಕಿವಿಯ ಖರ್ಚಿನಲ್ಲಿ ಮಾಡುವ ಶೋಕಿ.

ಎ.ಆರ್. ಚೌಕಟ್ಟಿನ ದಪ್ಪ ತೋಟೆಗಳು, .450 ಬುಷ್‌ಮಾಸ್ಟರ್, .458 ಸೊಕಾಮ್. ಮಿಷಿಗನ್, ಓಹಾಯೋ ತರದ ರಾಜ್ಯಗಳಲ್ಲಿ ಜಿಂಕೆ ಬೇಟೆಯ ನಿಯಮಗಳು ನೇರ ಗೋಡೆಯ ತೋಟೆಗಳಿಗೆ ದಾರಿ ಬಿಟ್ಟಿದ್ದರಿಂದ .450ಕ್ಕೆ ಒಳ್ಳೆ ಮಾರುಕಟ್ಟೆ ಸಿಕ್ಕಿತು. ತಾನೇ ತುಂಬಿಕೊಳ್ಳುವ ಕೋವಿ, ಯಂತ್ರದ ಚಲನೆ ಒದೆತವನ್ನು ಸ್ವಲ್ಪ ಹಂಚುತ್ತೆ. ಕೆಟ್ಟದ್ದೇನಲ್ಲ. ಆದರೆ ಬೆರಳು ಐದು ಸಲ ಆಡಿಸಿದರೆ ಹತ್ತು-ಹನ್ನೆರಡು ಡಾಲರ್ ಹಾರಿ ಹೋಗಿರುತ್ತೆ, ಏನಾಯ್ತು ಅಂತ ತಲೆಗೆ ಹೋಗುವ ಮೊದಲೇ. ದೊಡ್ಡ ತೋಟೆಯನ್ನು ಕಡಲೆಪುರಿ ತಿಂದ ಹಾಗೆ ತಿನ್ನೋದು ನನಗೆ ಒಗ್ಗಲಿಲ್ಲ.

ಲಿವರ್ ಆ್ಯಕ್ಷನ್. ಇಲ್ಲಿ ನನ್ನ ಮಾತು ಮೆತ್ತಗಾಗುತ್ತೆ. ಯಾಕಂದ್ರೆ ಕನ್ನಡ ಓದುಗನಿಗೆ ದೊಡ್ಡ ರೈಫಲ್ ಅಂದ್ರೆ ಮೊದಲು ಪರಿಚಯ ಆಗಿದ್ದೇ ಲಿವರ್ ಕೋವಿಯಿಂದ. ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಹಿಂದೆ ಅಲೆದದ್ದು .405 ವಿಂಚೆಸ್ಟರ್ ಹಿಡಿದು. ತೇಜಸ್ವಿಯವರು ಆ ಕಥೆಗಳನ್ನು ಕನ್ನಡಕ್ಕೆ ತಂದದ್ದರಿಂದ ಅಮೆರಿಕದ ಒಂದು ತೋಟೆಯ ನಂಬರು ಶಿವಮೊಗ್ಗ, ಚಿಕ್ಕಮಗಳೂರಿನ ಹೈಸ್ಕೂಲ್ ಹುಡುಗರಿಗೂ ಬಾಯಿಪಾಠ ಆಯ್ತು. ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1895, ಅದಕ್ಕೆ 1904ರಲ್ಲಿ ಬಂದ .405 ತೋಟೆ. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾದ ಸಿಂಹಗಳಿಗೆ ಹೊತ್ತುಕೊಂಡು ಹೋದದ್ದೂ ಇದನ್ನೇ. ಈಗಲೂ ಅದೇ ಹೆಸರಿನಲ್ಲಿ ಜಪಾನಿನಲ್ಲಿ ತಯಾರಾದದ್ದು ಸಿಗುತ್ತೆ.

ನನ್ನ ತೀರ್ಥಹಳ್ಳಿ ಗೆಳೆಯ ಒಬ್ಬ ಇದನ್ನೇ ಹುಡುಕಿ ತಂದ. "ಆಂಡರ್ಸನ್ ಕೋವಿ ಮಾರಾಯ, ಇದರ ಮುಂದೆ ಉಳಿದದ್ದೆಲ್ಲ ಕಸ." ಎತ್ತಿ ಹಿಡಿದಾಗ ನನಗೂ ಹಾಗೇ ಅನ್ನಿಸ್ತು. ಸಮಸ್ಯೆ ಏನಂದ್ರೆ ಕೋವಿ ಹಗುರ, ಹಿಡಿಯ ತುದಿ ಕಿರಿದು, ಅದಕ್ಕೆ ಹೊಡೆದಿರುವುದು ಬಾಗಿದ ಉಕ್ಕಿನ ತಟ್ಟೆ. ಕುಡುಗೋಲಿನ ಬೆನ್ನಿನಲ್ಲಿ ಗುದ್ದಿದ ಹಾಗಿರುತ್ತೆ. ಆಂಡರ್ಸನ್ ಒಂದು ರಾತ್ರಿಗೆ ಒಂದೋ ಎರಡೋ ಹೊಡೀತಿದ್ದರು, ಮುಂದೆ ಹುಲಿ ಇದ್ದರೆ ಭುಜದ ನೋವು ಯಾರಿಗೆ ಗೊತ್ತಾಗುತ್ತೆ? ರೇಂಜಿನ ಬೆಂಚಿನ ಮೇಲೆ ಕೂತು ಡಬ್ಬಿ ಖಾಲಿ ಮಾಡುವವನಿಗೆ ಚೆನ್ನಾಗಿ ಗೊತ್ತಾಗುತ್ತೆ. ಗೆಳೆಯ ಈಗ ಅದನ್ನು ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ತೆಗೆಯುತ್ತಾನೆ. ಪ್ರೀತಿಸಿದ ಪುಸ್ತಕಕ್ಕಾಗಿ ಕೋವಿ ಕೊಳ್ಳೋದು ತಪ್ಪಲ್ಲ. ಆದರೆ ಕೊಂಡದ್ದು ಪುಸ್ತಕದ ನೆನಪನ್ನು ಅಂತ ಗೊತ್ತಿರಲಿ.

ಲಿವರ್ ಜಾತಿಯಲ್ಲಿ ರೇಂಜಿಗೆ ಸರಿಯಾದದ್ದು ಮಾರ್ಲಿನ್ 1895, .45-70 ತೋಟೆಯದು. ಮಾರ್ಲಿನ್ 2020ರಲ್ಲಿ ರೂಗರ್ ಕಂಪನಿಯ ಕೈಗೆ ಬಂತು, 2021ರ ಕೊನೆಯಿಂದ ಹೊಸವು ಅಂಗಡಿಗೆ ಬರತೊಡಗಿದವು. ಹಿಡಿಗೆ ರಬ್ಬರಿನ ಮೆತ್ತೆ ಇದೆ. ಲಿವರ್ ತಳ್ಳಿ ಎಳೆದಾಗ ಖಾಲಿ ತೋಟೆ ಪಕ್ಕಕ್ಕೆ ಹಾರುವ ಆ ತಾಳಕ್ಕೆ ಮನಸೋಲದವರಿಲ್ಲ. ಒಂದು ಎಚ್ಚರ: ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ ತಾಗಿಕೊಂಡಿರುತ್ತೆ. ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಒದೆತದ ಹೊಡೆತಕ್ಕೆ ಅದೇ ಮೊಳೆಯಾಗಿ ಕೇಪು ಸಿಡಿಸಬಹುದು. ಚಪ್ಪಟೆ ಮೂತಿಯದು, ಇಲ್ಲವೇ ಇದಕ್ಕೇ ಅಂತ ಮಾಡಿದ ಮೆದು ತುದಿಯದು ಮಾತ್ರ ಹಾಕಬೇಕು.

ಈ .45-70 ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ನನ್ನ ತೀರ್ಪು ನಿಂತಿರುವುದೇ ಅದರ ಮೇಲೆ. 1873ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ತೋಟೆ. .45 ಇಂಚು ಗುಂಡು, 70 ಗ್ರೇನ್ ಕರಿಮದ್ದು. ಗ್ರೇನ್ ಅಂದ್ರೆ ನಮ್ಮ ಅಕ್ಕಸಾಲಿಗರ ಗುಲಗಂಜಿಯ ಥರದ ಹಳೇ ತೂಕ, ಎರಡು ಗ್ರೇನ್ ಸೇರಿದರೆ ಸುಮಾರು ಒಂದು ಗುಲಗಂಜಿ. ಮೊದಲಿನ ಗುಂಡಿನ ತೂಕ 405 ಗ್ರೇನ್, ಅಂದರೆ 26 ಗ್ರಾಂ ಸೀಸ. ನಿಧಾನಕ್ಕೆ ಹೋಗುವ ಭಾರದ ಗುಂಡು. ನೂರೈವತ್ತು ವರ್ಷ ಆದರೂ ಸಾಯದೇ ಇರುವುದಕ್ಕೆ ಕಾರಣ, ಇದನ್ನು ಬೇಕಾದ ಖಾರಕ್ಕೆ ಅರೆಯಬಹುದು. ಹಳೇ ಟ್ರಾಪ್‌ಡೋರ್ ಕೋವಿಗಳಿಗೆ ಮೆತ್ತನೆಯದು, ಮಾರ್ಲಿನ್ ಥರದ್ದಕ್ಕೆ ಮಧ್ಯಮ, ಇವತ್ತಿನ ಗಟ್ಟಿ ಸಿಂಗಲ್ ಶಾಟ್‌ಗಳಿಗೆ ಜೋರಿನದು. ಹೆಸರು ಒಂದೇ, ಮೂರು ಮಟ್ಟ. ಜೋರಿನದನ್ನು ಹಳೇ ಕೋವಿಗೆ ಹಾಕಿದರೆ ಕೋವಿ ಒಡೆಯಬಹುದು, ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದದೆ ಕೊಳ್ಳಬೇಡಿ. ಮೆತ್ತನೆಯ ಮಟ್ಟದ 405 ಗ್ರೇನ್ ತೋಟೆ ಹತ್ತು ಪೌಂಡಿನ ಕೋವಿಯಲ್ಲಿ 15 ಅಡಿ-ಪೌಂಡಿನಷ್ಟು ಒದೆಯುತ್ತೆ. .30-06ಗಿಂತ ಕಡಿಮೆ! ಅದೂ ಗುದ್ದಿದ ಹಾಗಲ್ಲ, ಬಸ್ಸಿನಲ್ಲಿ ಪಕ್ಕದವರು ವಾಲಿದ ಹಾಗೆ.

ಅಲ್ಲಿಗೆ ಬಂದು ನಿಂತೆವು ನನ್ನ ಆಯ್ಕೆಗೆ: ಬೀಳುವ ಬ್ಲಾಕಿನ ಸಿಂಗಲ್ ಶಾಟ್. ಶಾರ್ಪ್ಸ್ ಮಾದರಿಯದು. ಕೆಳಗಿನ ಸನ್ನೆಯನ್ನು ಒತ್ತಿದರೆ ಕೆರೆಯ ತೂಬಿನ ಹಲಗೆ ಇಳಿದ ಹಾಗೆ ಉಕ್ಕಿನ ಒಂದು ದಪ್ಪ ತುಂಡು ಕೆಳಗೆ ಜಾರುತ್ತೆ. ನಳಿಗೆಯ ಬಾಯಿ ಕಾಣುತ್ತೆ, ಒಂದು ತೋಟೆ ಕೈಯಾರೆ ಇಡಬೇಕು. ಸನ್ನೆ ಮೇಲೆತ್ತಿದರೆ ಬಾಗಿಲು ಮುಚ್ಚಿತು. ಹ್ಯಾಮರ್ ಎಳೆದು, ಗುರಿ ನೋಡಿ, ಹೊಡೆದು, ಮತ್ತೆ ತೆಗೆದು, ಬಿಸಿ ಖಾಲಿ ತೋಟೆಯನ್ನು ಬೆರಳಲ್ಲಿ ಹಿಡಿದು ಪಕ್ಕಕ್ಕೆ ಇಡಬೇಕು. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ ತಾನಾಗಿ ಸಿಗುತ್ತೆ. ಆ ಅರ್ಧ ನಿಮಿಷದಲ್ಲಿ ಏನಾಯ್ತು ಅಂತ ಯೋಚಿಸ್ತೀರಿ. ಉಸಿರು ಹಿಡಿದಿದ್ದೆನಾ, ಬೆರಳು ಎಳೆದೆನಾ ಕಿತ್ತೆನಾ. ಕೋವಿಯೇ ಮೇಷ್ಟ್ರು.

ತೂಕ ಹತ್ತು ಪೌಂಡಿಗೆ ಮೇಲೆ, ನಳಿಗೆ ಮೂವತ್ತು ಇಂಚಿನ ಹತ್ತಿರ. ಹೊತ್ತು ಕಾಡು ಸುತ್ತುವವನಿಗೆ ಇದು ಶಿಕ್ಷೆ. ರೇಂಜಿನವನಿಗೆ ವರ, ಯಾಕಂದ್ರೆ ಮೊದಲು ಹೇಳಿದ ತೂಕದ ಲೆಕ್ಕ ಈಗ ನಿಮ್ಮ ಪಕ್ಷಕ್ಕೆ ಬಂತು. ಅಗ್ಗದಲ್ಲಿ ಸಿಗುವ, ನಡುವೆ ಮಡಚುವ ಸಿಂಗಲ್ ಶಾಟ್‌ಗಳೂ ಇವೆ. ಆದರೆ ಅವು ಏಳು ಪೌಂಡಿನ ಹಗುರದವು, ಅದೇ ತೋಟೆಯಲ್ಲಿ ಹಲ್ಲು ಅಲ್ಲಾಡಿಸ್ತವೆ. ಉಳಿಸಿದ ದುಡ್ಡನ್ನು ಭುಜ ಕಟ್ಟುತ್ತೆ. ಶಾರ್ಪ್ಸ್ ನಕಲುಗಳು ಇಟಲಿಯ ಪೆಡರ್‌ಸೋಲಿಯಿಂದ ಬರ್ತವೆ, ಮೊಂಟಾನಾದ ಬಿಗ್ ಟಿಂಬರ್ ಅನ್ನೋ ಪುಟ್ಟ ಊರಿನಲ್ಲೂ ಮಾಡ್ತಾರೆ. ಅಗ್ಗ ಅಲ್ಲ. ಆದರೆ ತೋಟೆ ಎರಡು-ಮೂರು ಡಾಲರಿನ ಆಸುಪಾಸು, ನೇರ ಗೋಡೆಯ ಖಾಲಿ ತೋಟೆಯನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳೋದೂ ಸುಲಭ. ಬೇಗ ಬೇಗ ಹೊಡೆಯೋಕೆ ಆಗೋದೇ ಇಲ್ಲ ಅನ್ನೋದು ದೊಡ್ಡ ಉಳಿತಾಯ.

ಇದರ ಮಜಾ ದೂರ ಹೋದಷ್ಟೂ ಹೆಚ್ಚುತ್ತೆ. ನೂರು ಗಜಕ್ಕೆ ಸರಿ ಮಾಡಿಕೊಂಡ ಮೆತ್ತನೆ ತೋಟೆ ಇನ್ನೂರು ಗಜದಲ್ಲಿ ಸುಮಾರು ಎರಡಡಿ ಕೆಳಗೆ ಬೀಳುತ್ತೆ. ಕಲ್ಲೆಸೆದ ಹಾಗೆ ಬಿಲ್ಲಾಗಿ ಹೋಗುವ ಗುಂಡು. ಅಷ್ಟನ್ನು ಹಿಂದಿನ ಏಣಿ ಸೈಟಿನಲ್ಲಿ ಎತ್ತಿ ಸರಿದೂಗಿಸಬೇಕು. ಮುನ್ನೂರು ಗಜದ ಉಕ್ಕಿನ ತಟ್ಟೆಗೆ ಹೊಡೆದು ಕಾಯಬೇಕು. ಗುಂಡು ಹೋಗಿ ಬಡಿದು, ಆ ಸದ್ದು ವಾಪಸ್ ಬರೋಕೆ ಒಂದೂವರೆ ಸೆಕೆಂಡು. 'ಠಣ್'. ದೇವಸ್ಥಾನದ ಗಂಟೆ ಬಾರಿಸಿ ಬಂದ ಮೇಲೆ ಕೇಳಿದ ಹಾಗೆ. ಮೊಂಟಾನಾದ ಫೋರ್ಸಿಥ್‌ನಲ್ಲಿ ವರ್ಷಕ್ಕೊಮ್ಮೆ ಇಂಥ ಕೋವಿಗಳದ್ದೇ ಜಾತ್ರೆ ನಡೆಯುತ್ತೆ, ಕ್ವಿಗ್ಲಿ ಪಂದ್ಯ ಅಂತ. 1990ರ ಸಿನಿಮಾದ ನಾಯಕನ ಹೆಸರು ಅದು.

ಹಾಗಂತ ನನ್ನ ಕೋವಿ ಸಾಚಾ ಅಂತಲ್ಲ. ಟೆಕ್ಸಸ್‌ನವರು ಶಾರ್ಪ್ಸ್ ಅಂದ ಕೂಡಲೇ ಹೇಳುವ ಕಥೆ ಅಡೋಬಿ ವಾಲ್ಸ್‌ನದು. 1874ರ ಜೂನಿನಲ್ಲಿ, ಇದೇ ರಾಜ್ಯದ ಉತ್ತರದ ತುದಿಯಲ್ಲಿ, ಬಿಲ್ಲಿ ಡಿಕ್ಸನ್ ಅನ್ನೋ ಬೇಟೆಗಾರ ಸುಮಾರು ಒಂದೂವರೆ ಸಾವಿರ ಗಜ ದೂರದಲ್ಲಿದ್ದ ಮೂಲನಿವಾಸಿ ಸವಾರನೊಬ್ಬನನ್ನು ಕುದುರೆಯಿಂದ ಉರುಳಿಸಿದ. ಎಂಥಾ ಗುರಿ ಅಂತ ಹೇಳ್ತಾರೆ, ಆ ಬೇಟೆಗಾರರು ಅಲ್ಲಿಗೆ ಯಾಕೆ ಬಂದಿದ್ದರು ಅಂತ ಹೇಳಲ್ಲ. ಕೋಟಿಗಟ್ಟಲೆ ಇದ್ದ ಕಾಡುಕೋಣಗಳಂಥ ಬೈಸನ್‌ಗಳನ್ನು ಚರ್ಮಕ್ಕಾಗಿ ಹೊಡೆದುರುಳಿಸಿ, ಅವನ್ನೇ ನಂಬಿ ಬದುಕಿದ್ದ ಕೊಮಾಂಚಿ, ಕಯೋವಾ, ಶೈಯನ್ ಜನರ ಅನ್ನ ಕಿತ್ತುಕೊಂಡ ಕೆಲಸ ಅದು. 1889ರಲ್ಲಿ ಲೆಕ್ಕ ಹಾಕಿದಾಗ ಇಡೀ ಉತ್ತರ ಅಮೆರಿಕದಲ್ಲಿ ಉಳಿದದ್ದು ಸಾವಿರದ ಆಸುಪಾಸು. ಎಲ್ಲ ದೊಡ್ಡ ಕೋವಿಗೂ ಇಂಥ ಒಂದು ಬೆನ್ನಿದೆ. ಅದನ್ನು ಮರೆತು ಬರೀ ಕೆಲಸಗಾರಿಕೆ ಹೊಗಳೋದು ವಿಮರ್ಶೆ ಆಗಲ್ಲ. ಉಕ್ಕಿನ ತಟ್ಟೆಗೆ ಹೊಡೆಯುವಾಗಲೂ ನನಗೆ ಅದು ನೆನಪಿರುತ್ತೆ, ಇರಬೇಕು ಕೂಡ.

ಇನ್ನು ಯಾವ ಸಲಹೆಯಲ್ಲೂ ಇರದ ಎರಡು ಮಾತು, ನಮ್ಮವರಿಗೇ.

ಒಂದು, ವೀಸಾ. ಎಚ್-1ಬಿ, ಎಫ್-1 ಥರದ ವಲಸೆಯೇತರ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ವಿನಾಯಿತಿಗಳಿವೆ. ಸಾಮಾನ್ಯವಾಗಿ ಬಳಕೆಯಲ್ಲಿರುವುದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. 'ಹೊಂದುವುದು' ಅಂದ್ರೆ ಕೊಳ್ಳುವುದು ಮಾತ್ರ ಅಲ್ಲ, ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದು ಹೊಡೆಯುವುದೂ ಅದರೊಳಗೆ ಬರಬಹುದು. ಕೌಂಟರಿನಲ್ಲಿ ಯಾರೂ ಕೇಳಲಿಲ್ಲ ಅನ್ನೋದು ಸಮಜಾಯಿಷಿ ಆಗಲ್ಲ. ಫೋಟೋ ತೆಗೆದು ಹಾಕುವ ಮೊದಲು, ಅಲ್ಲ, ಹೋಗುವ ಮೊದಲೇ ನಿಮ್ಮ ವಕೀಲರನ್ನು ಒಂದು ಮಾತು ಕೇಳಿ. ಹತ್ತು ವರ್ಷ ಕಾದ ಗ್ರೀನ್ ಕಾರ್ಡಿಗಿಂತ ಯಾವ ಈಡೂ ದೊಡ್ಡದಲ್ಲ. ನಾನು ನನ್ನದನ್ನು ಕೊಂಡದ್ದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆಯೇ.

ಎರಡು, ಮನೆ. ಈ ದೇಶದಲ್ಲಿ ಕೋವಿಯಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮನ್ನು ತಾವೇ ಕೊಂದುಕೊಂಡವರು. ಕಳ್ಳರು, ದರೋಡೆಕೋರರು ಅಂತ ಮಾತಾಡುವಾಗ ಈ ಲೆಕ್ಕ ಯಾರ ಬಾಯಿಗೂ ಬರಲ್ಲ. ನಮ್ಮ ಬದುಕು ಗೊತ್ತಲ್ಲ. ಒಂದು ಈಮೇಲಿನಲ್ಲಿ ಕೆಲಸ ಹೋಗುತ್ತೆ, ಅರವತ್ತು ದಿನದ ಗಡುವು ಶುರುವಾಗುತ್ತೆ, ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ, ಊರಿಗೆ ಫೋನ್ ಮಾಡಿ ಹೇಳೋಕೆ ನಾಚಿಕೆ. ಆ ವಾರ ಮನೆಯಲ್ಲಿ ಕೋವಿ ಇರದಿರುವುದೇ ಒಳ್ಳೆಯದು. ನಿಮ್ಮ ಮನಸ್ಸು ಈಗ ಗಟ್ಟಿ ಇದೆ, ಸಂತೋಷ. ಇವತ್ತಲ್ಲದಿದ್ದರೆ ಮುಂದಿನ ವರ್ಷ ಹೇಗೋ. ಲಾಕರ್ ಇರುವ ರೇಂಜ್ ಸಿಕ್ಕರೆ ಅಲ್ಲೇ ಇಡಿ. ಮನೆಯಲ್ಲಿಟ್ಟರೆ ಕೋವಿಗೊಂದು ಪೆಟ್ಟಿಗೆ, ತೋಟೆಗೊಂದು ಬೇರೆ ಪೆಟ್ಟಿಗೆ. ಗೆಳೆಯನೊಬ್ಬ ಕುಸಿದಿದ್ದಾನೆ ಅನ್ನಿಸಿದರೆ "ಕೆಲವು ದಿನ ಕೀ ನನ್ನ ಹತ್ರ ಇರ್ಲಿ ಮಾರಾಯ" ಅಂತ ಕೇಳೋಕೆ ಸಂಕೋಚಪಡಬೇಡಿ. ಸಿಂಗಲ್ ಶಾಟ್ ಆದರೇನು, ಅದಕ್ಕೂ ಒಂದೇ ತೋಟೆ ಸಾಕು.

ಇಷ್ಟೆಲ್ಲ ಆದಮೇಲೂ ದೊಡ್ಡ ಕೋವಿ ಯಾಕೆ ಬೇಕು ಅಂತ ನೀವು ಕೇಳಬಹುದು. .22 ಹೊಡೆದರೆ ಆಗಲ್ವಾ? ಆಗುತ್ತೆ, ಗುರಿ ಕಲಿಯೋಕೆ ಅದೇ ಸರಿ. ಕೊಡಗಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಹೊಡೀತಾರಲ್ಲ, ಅಲ್ಲಿ ಲೆಕ್ಕಕ್ಕೆ ಬರೋದು ಕಾಯಿ ಒಡೆದದ್ದು, ಕೋವಿಯ ಗಾತ್ರ ಅಲ್ಲ. ದೊಡ್ಡದರ ಸುಖ ಬೇರೆ ಥರದ್ದು. ಕರಿಮದ್ದಿನ ಹೊಗೆ, ಮಗುವಿನ ತೋಳಿನಷ್ಟು ದಪ್ಪದ ನಳಿಗೆ, ಕಣ್ಣಿಗೆ ಕಾಣುವಷ್ಟು ನಿಧಾನದ ಕೆಲಸ. ದಿನವಿಡೀ ಸ್ಕ್ರೀನ್ ನೋಡಿ, ಮುಟ್ಟಿದರೆ ಕೈಗೆ ಸಿಗದ ಕೆಲಸ ಮಾಡುವ ನಮ್ಮಂಥವರಿಗೆ ಒಂದು ಯಂತ್ರ ಏನು ಮಾಡ್ತಿದೆ ಅಂತ ಬೆರಳಿಗೆ ಗೊತ್ತಾಗೋದು ಸಣ್ಣ ಸುಖ ಅಲ್ಲ.

ಹಾಗಾಗಿ ನನ್ನ ತೀರ್ಪು: ಒಂದೇ ತಗೊಳ್ಳೋದಾದರೆ ಭಾರದ ಸಿಂಗಲ್ ಶಾಟ್, .45-70, ಮೆತ್ತನೆ ತೋಟೆ. ಅದು ನಿಧಾನ ಅನ್ನಿಸಿದರೆ ಮಾರ್ಲಿನ್. ದೂರಕ್ಕೂ ನಿಖರತೆಗೂ ಜೀವ ಬಿಡುವವರಿಗೆ .375, ಆದರೆ ಐದು ಹೊಡೆದು ನಿಲ್ಲಿಸುವ ಸಂಯಮ ಇದ್ದರೆ ಮಾತ್ರ. ಉಳಿದವು ಬೇರೆಯವರದ್ದನ್ನು ಒಂದು ಸಲ ಹೊಡೆದು, ಥ್ಯಾಂಕ್ಸ್ ಹೇಳಿ ವಾಪಸ್ ಕೊಡೋಕೆ ಚೆನ್ನ.

ಯಾವುದನ್ನೇ ಆಗಲಿ, ಕೊಳ್ಳುವ ಮೊದಲು ಎರವಲು ಪಡೆದು ಒಂದು ಪೂರ್ತಿ ಡಬ್ಬಿ ಹೊಡೆದು ನೋಡಿ. ಕಿವಿಯೊಳಗೊಂದು, ಮೇಲೊಂದು, ಎರಡೂ ರಕ್ಷಣೆ ಹಾಕಿಕೊಳ್ಳಿ. ಈ ಸದ್ದಿಗೆ ಹೋದ ಕಿವಿ ತಿರುಗಿ ಬರಲ್ಲ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೀರಿ, ಸೀಸದ ಧೂಳು ಕೈಯಲ್ಲೇ ಇರುತ್ತೆ. ನಡುವೆ ಎರಡು ಡಮ್ಮಿ ಸೇರಿಸೋಕೆ ಜೊತೆಗಾರರಿಗೆ ಹೇಳಿ. ಇಪ್ಪತ್ತನೆಯದು ಹೊಡೆದಾದ ಮೇಲೆ ನಿಮ್ಮ ಕೈ ತಾನಾಗಿ ಇನ್ನೊಂದು ಡಬ್ಬಿಯ ಕಡೆ ಹೋದರೆ ದುಡ್ಡು ಕೊಡಿ. ಗಡಿಯಾರದ ಕಡೆ ಹೋದರೆ ಕೋವಿ ವಾಪಸ್ ಕೊಟ್ಟು ಊಟಕ್ಕೆ ಹೋಗಿ.